ಕೊಡಗಿನ ಕಕ್ಕಬ್ಬೆ ಕಡೆ ಟೆಂಟ್ ಹಾಕಿದ್ವಿ, ಲೆನ್ಸ್ ಒಳಗೇ ಮಂಜು ಕಟ್ಕೊಂಡ್ತು, ಫೋಟೋನೂ ಎಲ್ಲಾ ಬೂದಿ ಬಣ್ಣ. ಎಲ್ಲಿ ತಪ್ಪಾಯ್ತು?

ಮೈಸೂರು_ಟ್ರೈಪಾಡ್

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಕಕ್ಕಬ್ಬೆ ಹತ್ರ ಪರಿಚಯದವರ ಕಾಫಿ ತೋಟದಲ್ಲಿ ಟೆಂಟ್ ಹಾಕಿ ಎರಡು ರಾತ್ರಿ ಇದ್ವಿ, ಮೂರು ಜನ. ಚಳಿಗಾಲ, ಆಕಾಶ ಕ್ಲಿಯರ್ ಇರತ್ತೆ ಅಂದ್ಕೊಂಡು ಹೋಗಿದ್ದು, ಆದ್ರೆ ಬಂಗಾಳ ಕೊಲ್ಲಿಲಿ ವಾಯುಭಾರ ಕುಸಿತ ಅಂತ ಮೊದಲನೇ ದಿನ ಪೂರ್ತಿ ಸೋನೆ ಮಳೆ, ಬೆಟ್ಟ ಎಲ್ಲಿದೆ ಅಂತಾನೇ ಕಾಣಲಿಲ್ಲ. ರಾತ್ರಿ ಹನ್ನೊಂದರ ಮೇಲೆ ಮೋಡ ಹರೀತು, ನಕ್ಷತ್ರ ಕಂಡ ಖುಷಿಗೆ ಎರಡು ಗಂಟೆ ಹೊರಗೇ ನಿಂತು ತೆಗೆದೆ, ಕೈ ಮರಗಟ್ಟಿದ ಮೇಲೆ ಕ್ಯಾಮೆರಾ ಹಾಗೇ ಎತ್ಕೊಂಡು ಟೆಂಟ್ ಒಳಗೆ ಬಂದು ಜಿಪ್ ಪೂರ್ತಿ ಎಳ್ದು ತಲೆ ಪಕ್ಕ ಇಟ್ಕೊಂಡು ಮಲಗಿದೆ. ಬೆಳಿಗ್ಗೆ ನೋಡಿದ್ರೆ ಮುಂದಿನ ಗಾಜಲ್ಲಿ ಅಲ್ಲ, ಒಳಗಿನ ಗಾಜಲ್ಲಿ ಮಂಜು. ಒರೆಸೋಕೂ ಆಗಲ್ಲ. ಹೊರಗೆ ನೋಡಿದ್ರೆ ಗದ್ದೆ ತುಂಬಾ ಹಾಲು ಚೆಲ್ಲಿದ ಹಾಗೆ ಮಂಜು, ಹೊಟ್ಟೆ ಉರಿದು ಹೋಯ್ತು. ಮೊದಲನೇ ದಿನ ತೆಗೆದ ನಲ್ವತ್ತು ಫೋಟೋನೂ ಮಂಕು ಬೂದಿ. ಬ್ಯಾಟರಿ ಬೇರೆ 30 ಪರ್ಸೆಂಟ್ ತೋರಿಸ್ತಿದ್ದಿದ್ದು ಸಡನ್ನಾಗಿ ಆಫ್ ಆಯ್ತು. ಜನವರಿಲಿ ಮತ್ತೆ ಹೋಗ್ಬೇಕು ಅಂತಿದೀನಿ, ತಡಿಯಂಡಮೋಳ್ ಬೆಟ್ಟದ ಮೇಲೆ ಟೆಂಟ್ ಹಾಕಿ ಸೂರ್ಯೋದಯ ತೆಗೆಯೋ ಆಸೆ. ಏನ್ ಮಾಡ್ಬೇಕು ಹೇಳಿ ಪ್ಲೀಸ್.

ತೋಟದ_ಬೆಳಕು

ಮಳೆಯಿಂದ ಆಗಿದ್ದಲ್ಲ ಇದು, ಟೆಂಟಿಂದ ಆಗಿದ್ದು. ಎರಡು ಗಂಟೆ ಹೊರಗಿದ್ದು ಕ್ಯಾಮೆರಾ ಐಸ್ ಆಗಿತ್ತು, ಒಳಗೆ ಮೂರು ಜನ ಉಸಿರಾಡಿ ಒದ್ದೆ ಬಟ್ಟೆನೂ ಇಟ್ಟು ಗಾಳಿ ಬೆಚ್ಚಗೆ ತೇವ ಆಗಿತ್ತು. ಬೆಚ್ಚಗಿನ ತೇವದ ಗಾಳಿ ತಣ್ಣಗಿನ ಗಾಜಿಗೆ ತಾಗಿದ್ರೆ ನೀರಾಗತ್ತೆ, ಫ್ರಿಡ್ಜಿಂದ ತೆಗೆದ ಬಾಟ್ಲಿ ಬೆವರಲ್ವಾ ಅದೇ. ನಿಮ್ದು ಉದ್ದಕ್ಕೆ ಚಾಚೋ ಜೂಮ್ ಲೆನ್ಸ್ ಇರ್ಬೇಕು, ಅದು ಜೂಮ್ ಮಾಡಿದಾಗೆಲ್ಲ ಹೊರಗಿನ ಗಾಳಿನ ಒಳಗೆ ಎಳ್ಕೊಳತ್ತೆ, ದಿನವಿಡೀ ಸೋನೆಲಿ ಜೂಮ್ ಮಾಡಿದ ತೇವ ಒಳಗೇ ಕೂತಿತ್ತು.

ನಾನು ಮಾಡೋದು ಹೇಳ್ತೀನಿ. ಕ್ಯಾಮೆರಾನ ಹೊರಗೆ ಇರುವಾಗ್ಲೇ ಗಟ್ಟಿ ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ, ಬ್ಯಾಗ್ ಒಳಗೆ ಇಟ್ಟು ಆಮೇಲೆ ಟೆಂಟಿಗೆ ತರ್ತೀನಿ. ಬೆವರೋದಿದ್ರೆ ಕವರ್ ಹೊರಗೆ ಬೆವರ್ಲಿ. ಕ್ಯಾಮೆರಾ ನಿಧಾನಕ್ಕೆ ಬೆಚ್ಚಗಾಗೋ ತನಕ, ಅಂದ್ರೆ ಒಂದು ಗಂಟೆ ಮೇಲೆ, ತೆಗೆಯೋ ಹಾಗೇ ಇಲ್ಲ. ಟೆಂಟಿನ ಮೇಲಿನ ಕಿಂಡಿ ಎಷ್ಟೇ ಚಳಿ ಇದ್ರೂ ತೆಗೆದಿಡಿ, ಒದ್ದೆ ಜರ್ಕಿನ್ ಒಳಗೆ ತರ್ಬೇಡಿ. ಬೆಳಿಗ್ಗೆ ಕಾಫಿಗೆ ಅಂತ ಒಲೆ ಹತ್ರ ಹೋಗುವಾಗ್ಲೂ ಕ್ಯಾಮೆರಾ ಜಗಲೀಲೇ ಇರ್ಲಿ. ರಾತ್ರಿ ನಕ್ಷತ್ರ ತೆಗೆಯುವಾಗ ಮುಂದಿನ ಗಾಜಿಗೆ ಇಬ್ಬನಿ ಕೂರತ್ತೆ, ಅದಕ್ಕೆ ಪವರ್ ಬ್ಯಾಂಕಿಗೆ ಹಾಕೋ ಹೀಟರ್ ಪಟ್ಟಿ ಬರತ್ತೆ, ಲೆನ್ಸಿಗೆ ಸುತ್ತಿದ್ರೆ ಸಾಕು.

ತೇವ ಹೀರೋ ಸಿಲಿಕಾ ಜೆಲ್ ಹಾಕಿದ್ರೆ ಬಣ್ಣ ಬದಲಾಗೋ ಕಾಳೇ ತಗೊಳ್ಳಿ, ಕಿತ್ತಳೆ ಬಣ್ಣದ್ದು ಹಸಿರಾಯ್ತು ಅಂದ್ರೆ ಅದರ ಹೊಟ್ಟೆ ತುಂಬಿದೆ ಅಂತ, ಕಾಯಿಸ್ದೆ ಮತ್ತೆ ಇಟ್ರೆ ಏನೂ ಪ್ರಯೋಜನ ಇಲ್ಲ. ನಮ್ಮಲ್ಲಿ ಕಣದಲ್ಲಿ ಹರವಿದ ಕಾಫಿಗೆ ಮಳೆ ಬಂದಾಗ ಟಾರ್ಪಲ್ ಹಾಕ್ತೀವಿ, ಮಳೆ ನಿಂತ ತಕ್ಷಣ ತೆಗೀದೇ ಬಿಟ್ರೆ ಅಡಿಯಲ್ಲಿ ಬೆವರಿ ಬೀಜಕ್ಕೆ ಬೂಷ್ಟು ಹಿಡಿಯತ್ತೆ. ಕ್ಯಾಮೆರಾ ಬ್ಯಾಗೂ ಅಷ್ಟೇ. ಮನೆಗೆ ಬಂದ ದಿನವೇ ಎಲ್ಲಾ ಹೊರಗೆ ತೆಗೆದು, ಟ್ರೈಪಾಡ್ ಕಾಲು ಪೂರ್ತಿ ಎಳೆದು ಗಾಳಿಗೆ ಬಿಡಿ.

ಬ್ಯಾಟರಿ ಸತ್ತಿರಲ್ಲ, ಚಳಿಗೆ ಮಂಕಾಗಿರತ್ತೆ. ಸ್ಪೇರ್ ಯಾವಾಗ್ಲೂ ಒಳಗಿನ ಜೇಬಲ್ಲಿ, ಮೈಗೆ ತಾಗೋ ಹಾಗೆ ಇಟ್ಕೊಳ್ಳಿ. ಆಫ್ ಆಗಿದ್ದನ್ನ ಹತ್ತು ನಿಮಿಷ ಬೆಚ್ಚಗೆ ಮಾಡಿ ಹಾಕಿದ್ರೆ ಇನ್ನೂ ಸ್ವಲ್ಪ ಎಳಿಯತ್ತೆ.

ಫುಲ್‌ಫ್ರೇಮ್_ಪುತ್ತೂರು

ಬೂದಿ ಬಣ್ಣದ ಬಗ್ಗೆ ನಾನು ಹೇಳ್ತೀನಿ. ಕ್ಯಾಮೆರಾದ ಬೆಳಕು ಅಳೆಯೋ ಮೀಟರ್ ಏನ್ ಕಂಡ್ರೂ ಮಧ್ಯಮ ಬೂದಿ ಮಾಡೋಕೆ ನೋಡತ್ತೆ, ಬಿಳಿ ಮಂಜು ಕೊಟ್ರೆ ಅದನ್ನೂ ಬೂದಿ ಮಾಡತ್ತೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ (ಫೋಟೋ ಬೆಳಕು ಏರಿಸಿ ಇಳಿಸೋ ಸೆಟ್ಟಿಂಗ್) +1 ಹತ್ರ ಇಟ್ಟು ಹಿಸ್ಟೋಗ್ರಾಂ, ಅಂದ್ರೆ ಕಪ್ಪು ಎಡಕ್ಕೆ ಬಿಳಿ ಬಲಕ್ಕೆ ತೋರ್ಸೋ ಗ್ರಾಫ್ ನೋಡಿ, ಅದರ ಗುಡ್ಡ ಬಲಕ್ಕೆ ಸರೀಬೇಕು ಆದ್ರೆ ಬಲಗಡೆ ಗೋಡೆಗೆ ಗುದ್ದಬಾರ್ದು. ರಾ ಫೈಲಲ್ಲೇ (ಕ್ಯಾಮೆರಾ ಕುಗ್ಗಿಸದ ಮೂಲ ಫೈಲ್) ತೆಗೀರಿ.

ಇನ್ನೊಂದು, ಮಂಜಲ್ಲಿ ಎಲ್ಲರೂ ವೈಡ್ ಲೆನ್ಸ್ ಹಾಕ್ತಾರೆ, ಖಾಲಿ ಬಿಳಿ ಬಿಟ್ರೆ ಏನೂ ಬರಲ್ಲ. 70-200 ತರದ, ದೂರದ್ದನ್ನ ಹತ್ರ ತೋರ್ಸೋ ಲೆನ್ಸ್ ಹಾಕಿ ಸಿಲ್ವರ್ ಓಕ್ ಸಾಲು ನೋಡಿ, ಹತ್ತಿರದ ಕಾಂಡ ಕಪ್ಪು, ಅದರ ಹಿಂದಿನದ್ದು ಮಾಸಲು, ಅದರ ಹಿಂದಿನದ್ದು ಇದ್ಯೋ ಇಲ್ವೋ ಅನ್ನೋ ಹಾಗೆ. ಫೋಕಸ್ ಮಂಜಲ್ಲಿ ಹಿಂದೆ ಮುಂದೆ ಹುಡುಕ್ತಾ ಇರತ್ತೆ, ಕಪ್ಪು ಕಾಂಡದ ಅಂಚಿಗೆ ಹಿಡಿದು ಮ್ಯಾನ್ಯುವಲ್ಲಿಗೆ ಹಾಕ್ಬಿಡಿ. ಮಳೆ ನಿಂತ ಮೇಲೆ ಕಾಫಿ ಎಲೆ ಕನ್ನಡಿ ತರ ಹೊಳೆಯುತ್ತಲ್ಲ, ಆಗ ಲೆನ್ಸ್ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸಿ ನೋಡಿ, ಬಿಳಿ ಹೊಳಪು ಹೋಗಿ ಒಳಗಿನ ಹಸಿರು ಎದ್ದು ಬರತ್ತೆ. ಒಂದೂವರೆ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ ಆದ ಹಾಗೆ) ಬೆಳಕು ತಿನ್ನತ್ತೆ ಅದು, ನಸುಕಲ್ಲಿ ಬೇಡ. ನಿಮ್ಮ ಸೋನೆ ಮಳೆ ದಿನ ವೇಸ್ಟ್ ಆಗಿಲ್ಲ, ಬಿಸಿಲು ಬರ್ಲಿ ಅಂತ ಕಾದಿದ್ದೇ ವೇಸ್ಟು.

ವಿರಾಜಪೇಟೆ_ಹಕ್ಕಿ

ತಡಿಯಂಡಮೋಳ್ ಮೇಲೆ ಟೆಂಟ್ ಪ್ಲಾನ್ ಬಿಟ್ಬಿಡಿ. ಕಾಡೊಳಗೆ ರಾತ್ರಿ ಇರೋಕೆ ಅರಣ್ಯ ಇಲಾಖೆ ಬಿಡಲ್ಲ, ಪರ್ಮಿಷನ್ ತಗೊಂಡು ಹಗಲು ಹತ್ತಿ ಹಗಲೇ ಇಳೀಬೇಕು. 1748 ಮೀಟರ್, ಕೊಡಗಲ್ಲೇ ಎತ್ತರದ್ದು, ಮೇಲೆ ಹುಲ್ಲುಗಾವಲು, ಬೆಟ್ಟದ ಮಡಿಕೆಗಳಲ್ಲಿ ಶೋಲಾ ಕಾಡು, ಹಗಲಲ್ಲೂ ಮೋಡ ಹತ್ತಿ ಇಳಿಯೋದು ನೋಡೋಕೆ ಎರಡು ಕಣ್ಣು ಸಾಲದು. ನಾಲ್ಕುನಾಡು ಅರಮನೆ ಹತ್ರದಿಂದಲೇ ದಾರಿ.

ಆದ್ರೆ ನಿಮಗೆ ಬೇಕಾಗಿರೋ ಮುಂಜಾನೆ ಫೋಟೋ ಕೆಳಗೇ ಇದೆ. ಮಳೆ ಬಂದು ನೆಲ ಒದ್ದೆಯಾಗಿ ರಾತ್ರಿ ಆಕಾಶ ತಿಳಿಯಾಗಿ ಗಾಳಿ ಇಲ್ಲ ಅಂದ್ರೆ ತಣ್ಣಗಿನ ಗಾಳಿ ಇಳಿಜಾರಲ್ಲಿ ಜಾರಿ ಗದ್ದೆ ಬಯಲಲ್ಲಿ ನಿಲ್ಲತ್ತೆ, ಮಂಜು ಅಲ್ಲೇ ಕೆರೆ ತರ ತುಂಬತ್ತೆ. ನೀವು ಕಂಡಿದ್ದು ಅದೇ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಆಗಿ ಕೊಯ್ಲು ಮುಗಿದ ಗದ್ದೆ, ಕೂಳೆ ಮೇಲೆ ಇಬ್ಬನಿ, ಅದರಿಂದ ಒಂದು ಏರು ಮೇಲಕ್ಕೆ ನಿಂತ್ರೆ ಸಾಕು. ಸೂರ್ಯ ಗುಡ್ಡ ದಾಟಿ ಬರೋ ಹೊತ್ತಿಗೆ ಏಳು ದಾಟಿರತ್ತೆ, ಆವಾಗ ಮಂಜು ಏಳೋಕೆ ಶುರು ಆಗತ್ತೆ, ಆ ಹದಿನೈದು ಇಪ್ಪತ್ತು ನಿಮಿಷ ಕದಲಬೇಡಿ.

ಒಂದು ಮಾತು, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ಕತ್ತಲಲ್ಲಿ ಒಬ್ಬರೇ ತೋಟದಲ್ಲಿ ಓಡಾಡ್ಬೇಡಿ. ಕೊಡಗಿನ ತೋಟಗಳಿಗೆ ಆನೆ ಬರೋದು ಮಾಮೂಲು, ಮಂಜಲ್ಲಿ ಹತ್ತಡಿ ದೂರ ನಿಂತಿದ್ರೂ ಗೊತ್ತಾಗಲ್ಲ. ಹಿಂದಿನ ದಿನವೇ ತೋಟದವರನ್ನ ಕೇಳಿ, ಯಾವ ಕಡೆ ಸಂಚಾರ ಇದೆ ಅಂತ, ಅವರು ಬೇಡ ಅಂದ್ರೆ ಬೆಳಕಾಗೋವರೆಗೂ ಜಗಲಿ ಬಿಡ್ಬೇಡಿ. ನಮ್ಮ ಪಕ್ಕದ ಲೈನ್ ಮನೆಯಲ್ಲಿ (ತೋಟದ ಕೆಲಸಗಾರರ ಮನೆ ಸಾಲು) ಒಬ್ಬರನ್ನ ಕಳ್ಕೊಂಡಿದೀವಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಮೈಸೂರು_ಟ್ರೈಪಾಡ್

ತುಂಬಾ ಥ್ಯಾಂಕ್ಸ್, ಒಂದೊಂದು ರಿಪ್ಲೈನೂ ಎರಡೆರಡು ಸಲ ಓದಿದೆ. ಬೆಟ್ಟದ ಮೇಲಿನ ಟೆಂಟ್ ಕೈಬಿಟ್ಟೆ, ಅದೇ ತೋಟದಲ್ಲಿ ಇದ್ದು ಗದ್ದೆ ಕಡೆ ತೆಗೀತೀನಿ, ಜೊತೆಗೆ ಬರೋಕೆ ತೋಟದವರಿಗೇ ಹೇಳಿದೀನಿ. ಲೆನ್ಸ್‌ನ ಡಬ್ಬಿಲಿ ಸಿಲಿಕಾ ಜೊತೆ ಮೂರು ದಿನ ಇಟ್ಟಿದ್ದೆ, ಮಂಜು ಹೋಯ್ತು. ಆದ್ರೆ ಟಾರ್ಚ್ ಬಿಟ್ಟು ನೋಡಿದ್ರೆ ಒಳಗೆ ಅಂಚಲ್ಲಿ ಜೇಡರ ಬಲೆ ತರ ಸಣ್ಣ ಎಳೆ ಕಾಣ್ತಿದೆ. ಬಿಸಿಲಿಗೆ ಇಟ್ರೆ ಹೋಗತ್ತಾ?

ತೋಟದ_ಬೆಳಕು

ಬಲೆ ತರ ಇದ್ರೆ ಫಂಗಸ್. ಅದು ಎರಡು ದಿನದಲ್ಲಿ ಬಂದಿದ್ದಲ್ಲ, ಮೊದ್ಲೇ ಶುರು ಆಗಿರತ್ತೆ, ಮಳೆಗಾಲ ಪೂರ್ತಿ ಬ್ಯಾಗಲ್ಲೇ ಇತ್ತಾ ನೋಡಿ. ಬಿಸಿಲಿಗೆ ಇಟ್ರೆ ಎಳೆ ಹೋಗಲ್ಲ, ಮೇಲಾಗಿ ಲೆನ್ಸ್ ಬಿಸಿಲನ್ನ ಒಂದೇ ಕಡೆ ಕೂಡಿಸಿ ಏನಾದ್ರೂ ಸುಟ್ಟೀತು. ಅಂಚಲ್ಲೇ ಇರುವಾಗ ಬಿಚ್ಚಿ ಕ್ಲೀನ್ ಮಾಡೋರ ಹತ್ರ ಕೊಡಿ, ಗಾಜಿನ ಮೇಲಿನ ಕೋಟಿಂಗ್ ತಿನ್ನೋಕೆ ಶುರು ಮಾಡಿದ್ರೆ ಕಲೆ ಉಳಿಯತ್ತೆ. ಜನವರಿಗೆ ಮುಂಚೆ ವಾಪಸ್ ಬರದಿದ್ರೆ ಹೇಳಿ, ನನ್ನ ಹಳೇ 70-300 ಇದೆ, ಕಕ್ಕಬ್ಬೆಗೆ ತಂದು ಕೊಡ್ತೀನಿ.