ಅಪ್‌ಡೇಟ್: 60 ಲೀಟರ್ ಸಿಲಿಂಡರಿಗೆ 6 ಕೆಜಿ ಸಿಎನ್‌ಜಿ ಮಾತ್ರ ಹಿಡಿಯುತ್ತಿದ್ದದ್ದು ಯಾಕೆ

ನನ್ನ ಕಾರಿನ ಸಿಎನ್‌ಜಿ ಸಿಲಿಂಡರ್ ಖಾಲಿಯಿದ್ದರೂ 6 ಕೆಜಿ ಆಗುತ್ತಲೇ ಬಂಕ್‌ನ ಮೀಟರ್ ನಿಂತುಬಿಡುತ್ತೆ, ಯಾಕೆ ಅಂತ ಹೋದ ವಾರ ಇಲ್ಲಿ ಕೇಳಿದ್ದೆ, ಬಗೆಹರಿಯಿತು. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಸಲಹೆಯಂತೆ ಸಿಎನ್‌ಜಿ ಫಿಲ್ಟರ್ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಆ ಫಿಲ್ಟರ್ ಇರುವುದು ಗ್ಯಾಸ್ ಇಂಜಿನ್‌ಗೆ ಹೋಗುವ ದಾರಿಯಲ್ಲಿ, ತುಂಬುವ ದಾರಿಯಲ್ಲಲ್ಲ. ಲೀಕ್ ಇದೆಯಾ ಅಂತ ಸೋಪಿನ ನೀರು ಹಾಕಿ ನೋಡಿದರೂ ಎಲ್ಲೂ ಗುಳ್ಳೆ ಏಳಲಿಲ್ಲ.

ಕೆಲಸಕ್ಕೆ ಬಂದದ್ದು "ಪೈಪ್‌ಲೈನ್ ಇರುವ ಬಂಕ್‌ಗೆ ಹೋಗಿ" ಎಂಬ ಮಾತು. ಮನೆ ಹತ್ತಿರದ್ದು ಡಾಟರ್ ಸ್ಟೇಷನ್. ಅಲ್ಲಿಗೆ ಗ್ಯಾಸ್ ಬರುವುದು ಲಾರಿ ಮೇಲಿನ ಸಿಲಿಂಡರ್‌ಗಳಲ್ಲಿ. ಲಾರಿ ಖಾಲಿಯಾಗುತ್ತಾ ಬಂದಂತೆ ಒತ್ತಡವೂ ಇಳಿಯುತ್ತೆ. ಗ್ಯಾಸ್ ತುಂಬುವ ಯಂತ್ರದ (ಡಿಸ್ಪೆನ್ಸರ್) ಗೇಜಿನ ಮುಳ್ಳು 140 ಬಾರ್ (ಒತ್ತಡದ ಅಳತೆ) ಹತ್ತಿರವೇ ನಿಲ್ಲುತ್ತಿತ್ತು. ಪೈಪ್‌ಲೈನ್ ಬಂಕ್‌ನಲ್ಲಿ ಕಂಪ್ರೆಸರ್ ನೇರವಾಗಿ 200 ಬಾರ್‌ವರೆಗೆ ತುಂಬಿಸಿತು, 8 ಕೆಜಿ ದಾಟಿತು. ತುಂಬುವಾಗ ಗ್ಯಾಸ್ ಬಿಸಿಯಾಗಿ ಹಿಗ್ಗುವುದರಿಂದ ಸುಡುಬಿಸಿಲಿಗಿಂತ ಬೆಳಗಿನ ತಂಪಲ್ಲಿ ತುಸು ಹೆಚ್ಚೇ ಹಿಡಿಯುತ್ತೆ.

ನಿರೀಕ್ಷಿಸದೇ ಇದ್ದದ್ದು: ಹೊಸ ಬಂಕ್‌ನವರು ಮೊದಲು ನೋಡಿದ್ದು ಕಂಪ್ಲೈಯನ್ಸ್ ಪ್ಲೇಟ್, ಅಂದರೆ ಸಿಲಿಂಡರಿನ ಟೆಸ್ಟ್ ದಿನಾಂಕ ಇರುವ ಫಲಕ. ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಕೊಟ್ಟು ಗಟ್ಟಿಯಿದೆಯಾ ಅಂತ ನೋಡುವುದು) ಕಡ್ಡಾಯ, ಕಂಪನಿಯಿಂದಲೇ ಸಿಎನ್‌ಜಿ ಬಂದ ಕಾರಿಗೂ. ಅವಧಿ ಮುಗಿದಿದ್ದರೆ ಗ್ಯಾಸ್ ಹಾಕಲ್ಲ. ಟೆಸ್ಟ್ ಮಾಡಿಸುವವರು ಪೆಸೋ (ಸ್ಫೋಟಕ, ಗ್ಯಾಸ್ ಸಿಲಿಂಡರ್‌ಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಮಾನ್ಯತೆ ಇರುವ ಕೇಂದ್ರಕ್ಕೇ ಹೋಗಿ. ಗ್ಯಾಸ್ ಆದಷ್ಟು ಖಾಲಿ ಮಾಡಿಕೊಂಡು, ವಾಪಸ್ ಬರಲು ಪೆಟ್ರೋಲ್ ಇಟ್ಟುಕೊಂಡು ಹೋಗಿ. ಸರ್ಟಿಫಿಕೇಟ್ ಮೇಲಿನ ಸಿಲಿಂಡರ್ ನಂಬರನ್ನು ಸಿಲಿಂಡರ್ ಮೇಲೆ ಕೊರೆದಿರುವ ನಂಬರಿನ ಜೊತೆ ಅಲ್ಲೇ ತಾಳೆ ನೋಡಿ. ಒಂದು ಅಂಕಿ ತಪ್ಪಿದರೂ ಮತ್ತೆ ಓಡಾಟ.