1.62 ಲಕ್ಷ ಕಿ.ಮೀ. ಓಡಿದ ಬೆಂಝ್: ತಿಕೋಟಾಕ್ಕೆ ತರಬಹುದಾ?

ತಿಕೋಟಾ ದ್ರಾಕ್ಷಿ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಒಂದು ಮರ್ಸಿಡಿಸ್ ಇ 250 ಸಿಡಿಐ ನೋಡಿ ಬಂದಿದ್ದೇನೆ. 2014ರ ಗಾಡಿ, ಎಂಎಚ್-12 ಪಾಸಿಂಗ್, ಒಬ್ಬರೇ ಮಾಲೀಕರು. ಮೀಟರ್ 1,62,000 ತೋರಿಸುತ್ತಿದೆ. 11.75 ಲಕ್ಷ ಹೇಳುತ್ತಿದ್ದಾರೆ. ಹೊಸದರಲ್ಲಿ 50 ಲಕ್ಷದ ಆಸುಪಾಸಿನಲ್ಲಿದ್ದ ಗಾಡಿ ಇದು. ಓಡಿಸಿ ನೋಡಿದೆ. ಬಾಗಿಲು ಹಾಕಿದರೆ ಹೊರಗಿನ ಸದ್ದೇ ಇಲ್ಲ. ಅಲ್ಲೇ ಮನಸ್ಸು ಕೆಟ್ಟಿತು.

ಈ ಸಲ ನಮ್ಮ ಒಣದ್ರಾಕ್ಷಿ ತಾಸಗಾಂವದಲ್ಲಿ ಒಳ್ಳೆ ದರಕ್ಕೆ ಹೋಯಿತು. ಸಾಲ ಮಾಡುವುದಿಲ್ಲ, ನಗದು ಕೊಡುತ್ತೇನೆ. ತೋಟಕ್ಕೆ ಬೊಲೆರೊ ಇದೆ. ಇದು ಸೊಲ್ಲಾಪುರ, ಪುಣೆ ಓಡಾಟಕ್ಕೆ, ಮದುವೆ-ಮುಂಜಿವೆಗೆ. ಸ್ವಲ್ಪ ದೌಲತ್ತಿಗೂ ಹೌದು, ಸುಳ್ಳು ಯಾಕೆ ಹೇಳಲಿ. ಅಪ್ಪ ಮಾತ್ರ "ಆ ರೊಕ್ಕಕ್ಕೆ ಇನ್ನೊಂದು ಬೋರು ಹೊಡೆಸು" ಎಂದು ಒಂದೇ ಮಾತು ಹಿಡಿದಿದ್ದಾರೆ.

ಕೇಳಬೇಕಾದದ್ದು ಇಷ್ಟು. ಇಷ್ಟು ಓಡಿದ ಗಾಡಿ ಮುಗಿದ ಹಾಗೇನಾ? ವಿಜಯಪುರದ ಕಡೆ ಇದನ್ನು ಇಟ್ಟುಕೊಂಡು ಬದುಕಬಹುದಾ? ಎಂಎಚ್ ನಂಬರಿನಲ್ಲೇ ಓಡಿಸಿದರೆ ನಡೆಯುತ್ತದಾ?

ಇಂಡಿ ನಿಂಬೆ

ಇನ್ನೋವಾ ತಗೊಳ್ಳಿ ಅಣ್ಣಾ. ಮೂರು ಲಕ್ಷ ಓಡಿದ ಇನ್ನೋವಾಕ್ಕೂ ಕೊಳ್ಳುವವರು ಮನೆ ಬಾಗಿಲಿಗೆ ಬರುತ್ತಾರೆ. ಬೆಂಝ್ ತಂದ ದಿನ ಊರೆಲ್ಲ ನೋಡುತ್ತದೆ, ಮಾರುವ ದಿನ ಯಾರೂ ಇರುವುದಿಲ್ಲ.

ಉದ್ಯಮಬಾಗ್ ಸ್ಪ್ಯಾನರ್

ಇನ್ನೋವಾ ಮಾತು ನಿಜವೇ. ಆದರೆ ಅವರು ಕೇಳಿದ್ದು ಅದಲ್ಲ. ನಾನು ಬೆಳಗಾವಿಯಲ್ಲಿ ಗ್ಯಾರೇಜ್ ಇಟ್ಟಿದ್ದೇನೆ. ಜರ್ಮನ್ ಗಾಡಿಗಳೇ ಜಾಸ್ತಿ ಬರುತ್ತವೆ. ತಿಳಿದಷ್ಟು ಹೇಳುತ್ತೇನೆ.

ಮೊದಲು ಕಿಲೋಮೀಟರ್ ವಿಷಯ. ಆ ಗಾಡಿಯಲ್ಲಿರುವುದು 2.1 ಲೀಟರಿನ ಓಎಂ651 ಡೀಸೆಲ್ ಎಂಜಿನ್, 204 ಎಚ್‌ಪಿ. ಹೊತ್ತಿಗೆ ಸರಿಯಾಗಿ ಆಯಿಲ್ ಹಾಕಿದ್ದರೆ 1.6 ಲಕ್ಷ ಅದಕ್ಕೆ ಮುಪ್ಪಲ್ಲ. ಪುಣೆ-ಮುಂಬೈ ಹೈವೇಯಲ್ಲಿ ಒಂದೇ ಹದದಲ್ಲಿ ಓಡಿದ 1.6 ಲಕ್ಷ ಬೇರೆ, ಊರೊಳಗೆ ಕ್ಲಿನಿಕ್ಕಿಗೂ ಕ್ಲಬ್ಬಿಗೂ ಹೋಗಿ ಬಂದ 60 ಸಾವಿರ ಬೇರೆ. ನನ್ನನ್ನು ಕೇಳಿದರೆ ಮೊದಲನೆಯದೇ ಮೇಲು. 40 ಸಾವಿರ ಎಂದು ಹೇಳಿಕೊಂಡು ಬರುವ ಹತ್ತು ವರ್ಷದ ಗಾಡಿ ಕಂಡರೆ ನನಗೆ ಜಾಸ್ತಿ ಭಯ. ಒಂದೋ ಮೀಟರ್ ತಿರುಗಿಸಿರುತ್ತಾರೆ, ಇಲ್ಲವೇ ನಿಂತಲ್ಲೇ ರಬ್ಬರೆಲ್ಲ ಒಣಗಿರುತ್ತದೆ.

ಹಾಗಾಗಿ ಗಾಡಿಗಿಂತ ಮೊದಲು ಅದರ ಕಾಗದ ನೋಡಿ. ಚಾಸಿ ನಂಬರ್ ಬರೆದುಕೊಂಡು ಕಂಪನಿ ಸರ್ವಿಸಿನಲ್ಲಿ ಹಳೇ ದಾಖಲೆ ಕೇಳಿ. ಮಾಲೀಕರನ್ನೂ ಜೊತೆಗೆ ಕರೆದುಕೊಂಡು ಹೋದರೆ ಕೆಲಸ ಸಲೀಸು. ಪ್ರತಿ ಸರ್ವಿಸಿಗೂ ತಾರೀಖು, ಕಿ.ಮೀ. ಇರಬೇಕು. ಟೈರಿನ ಮೇಲೆ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ 23ನೇ ವಾರದ್ದು. ಅಷ್ಟು ಹಳೇದಾದರೆ ಟೈರಿನ ಹಲ್ಲು ಎಷ್ಟೇ ಉಳಿದಿರಲಿ, ಹೊಸ ಟೈರಿನ ಲೆಕ್ಕ ಹಿಡಿಯಿರಿ.

ಇನ್ನು ಎಂಜಿನ್. ಬೆಳಿಗ್ಗೆ ಪೂರ್ತಿ ತಣ್ಣಗಿರುವಾಗಲೇ ನೀವೇ ಸ್ಟಾರ್ಟ್ ಮಾಡಿ. ನೀವು ಹೋಗುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಚಹಾ ಕುಡಿದು ವಾಪಸ್ ಬನ್ನಿ, ಮರುದಿನ ಹೋಗಿ. ಮೊದಲ ಎರಡು-ಮೂರು ಸೆಕೆಂಡು ಸರಪಳಿ ಎಳೆದಂಥ ಗರಗರ ಸದ್ದು ಬಂದರೆ ಟೈಮಿಂಗ್ ಚೈನ್, ಅಂದರೆ ಎಂಜಿನ್ನಿನ ಒಳಗಿನ ಸರಪಳಿ, ಸಡಿಲಾಗಿರಬಹುದು. ಈ ಎಂಜಿನ್ನಿನಲ್ಲಿ ಚೈನ್ ಇರುವುದು ಹಿಂಬದಿಗೆ, ಗೇರ್‌ಬಾಕ್ಸ್ ಕಡೆ. ಅದನ್ನು ಹಿಡಿದಿಡುವ ಗೈಡ್ ಸಮೇತ ಬದಲಿಸಬೇಕೆಂದರೆ ಎಂಜಿನ್ನೋ ಗೇರ್‌ಬಾಕ್ಸೋ ಕೆಳಗಿಳಿಯಬೇಕು. ಬಿಎಂಡಬ್ಲ್ಯು 520ಡಿಯ ಹಳೇ ಎನ್47 ಎಂಜಿನ್ನಿಗೂ ಇದೇ ಚೈನಿನ ಕಾಟ, ಇದಕ್ಕಿಂತ ಜಾಸ್ತಿಯೇ. ಮೇಲಿನ ಕವರ್ ತೆಗೆಸಿ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬುಡ ನೋಡಿ. ಡಾಂಬರಿನಂಥ ಕಪ್ಪು ಕಟ್ಟಿದ್ದರೆ ಸೀಲ್ ಸೋರುತ್ತಿದೆ ಎಂದು ಅರ್ಥ.

ಗೇರ್‌ಬಾಕ್ಸ್ ಏಳು ಗೇರಿನ ಆಟೊಮ್ಯಾಟಿಕ್. ಅದರ ಆಯಿಲ್, ಫಿಲ್ಟರ್ 1.25 ಲಕ್ಷದ ಆಸುಪಾಸಿನಲ್ಲಿ ಬದಲಾಗಿರಬೇಕು. ಬಿಲ್ ಕೇಳಿ. "ಇದಕ್ಕೆ ಲೈಫ್‌ಟೈಮ್ ಆಯಿಲ್ ಸಾರ್" ಎಂದರೆ ಬದಲಾಯಿಸಿಲ್ಲ ಎಂದೇ ತಿಳಿಯಿರಿ. 'ಡಿ' (ಡ್ರೈವ್) ಗೇರಿಗೆ ಹಾಕಿದ ಮೇಲೆ ತಡವಾಗಿ ಹಿಡಿದರೆ, ಎರಡರಿಂದ ಮೂರಕ್ಕೆ ಹೋಗುವಾಗ ಜಗ್ಗಿದರೆ ಅನುಮಾನ ಪಡಿ.

ಇಷ್ಟೆಲ್ಲ ಸರಿ ಇದ್ದರೂ ನಿಮ್ಮ ನಿಜವಾದ ತೊಂದರೆ ಬೇರೆ. ಅದು ತಿಕೋಟಾ. ಈ ಮಾಡೆಲಿನಲ್ಲಿ ಎಲೆಕ್ಟ್ರಾನಿಕ್ ಸ್ಟೇರಿಂಗ್ ಲಾಕ್ ಇದೆ. ಒಳಗಿನ ಪುಟ್ಟ ಮೋಟಾರ್ ಸತ್ತರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಎಂಜಿನ್ ಗಟ್ಟಿ, ಬ್ಯಾಟರಿ ಹೊಸದು, ಕೀಲಿ ಕೈಯಲ್ಲಿ, ಗಾಡಿ ಮಾತ್ರ ಅಂಗಳದಲ್ಲಿ. ಹೊಸ ಲಾಕ್ ಕೂರಿಸಿದರೆ ಸಾಲದು, ಆ ಗಾಡಿಗೆ ಹೊಂದುವಂತೆ ಕಂಪ್ಯೂಟರಿನಿಂದ ಕೋಡ್ ಮಾಡಬೇಕು. ನಮ್ಮ ಉದ್ಯಮಬಾಗದಲ್ಲಿ ಬುಷ್, ಶಾಫ್ಟ್, ಪಿನ್ ಏನು ಬೇಕೋ ಲೇತಿನ ಮೇಲೆ ಕಡೆದು ಕೊಡುತ್ತಾರೆ. ಕೋಡನ್ನು ಲೇತಿನ ಮೇಲೆ ಕಡೆಯಲಾಗುವುದಿಲ್ಲ. ನಿಮ್ಮೂರಿಂದ ಬೆಳಗಾವಿಗೆ ಬರುವುದೆಂದರೂ ಹತ್ತಿರ ಹತ್ತಿರ 200 ಕಿ.ಮೀ. ಗಾಡಿಯನ್ನೇ ಹೊತ್ತು ತರುವ ಫ್ಲಾಟ್‌ಬೆಡ್ ಲಾರಿ ಬಾಡಿಗೆ. ಮುಂದಿನ ಚಕ್ರ ಎತ್ತಿ ಎಳೆದುಕೊಂಡು ಬರೋಣ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಗೇರ್‌ಬಾಕ್ಸ್ ಹಾಳಾಗುತ್ತದೆ.

ನನ್ನ ಲೆಕ್ಕ: 11.75 ಲಕ್ಷ ಇದ್ದರೆ 9 ಲಕ್ಷದ ಗಾಡಿ ನೋಡಿ, ಉಳಿದದ್ದನ್ನು ಮೊದಲ ವರ್ಷಕ್ಕೆ ಮುಟ್ಟದೆ ಇಡಿ. ಇದ್ದಬದ್ದದ್ದನ್ನೆಲ್ಲ ಗಾಡಿಗೇ ಸುರಿದರೆ ಮೊದಲ ರಿಪೇರಿಗೇ ಅದು ಶೆಡ್ ಸೇರುತ್ತದೆ.

ನವನಗರ ಸೆಕ್ಟರ್

ಬಾಗಲಕೋಟೆಯಿಂದ. ಗಾಡಿ ಬಗ್ಗೆ ಮೇಲಿನವರು ಹೇಳಿದರು, ನಾನು ಆರ್‌ಟಿಒ ಬಗ್ಗೆ ಹೇಳುತ್ತೇನೆ. ಎಂಎಚ್ ನಂಬರಿನಲ್ಲೇ ಓಡಿಸುವ ಯೋಚನೆ ಬಿಡಿ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿದ್ದರೆ ಇಲ್ಲಿಯ ನಂಬರ್ ಮಾಡಿಸಲೇಬೇಕು. ನೀವು ಇಲ್ಲಿಯವರೇ, ಹೆಸರಿಗೆ ಮಾಡಿಸಿಕೊಳ್ಳುವಾಗ ಹೇಗೂ ಕೆಎ-28ಕ್ಕೆ ಬರಬೇಕು. ಪುಣೆಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಅಂದರೆ ಫಾರ್ಮ್ 28. ವರ್ಗಾವಣೆಗೆ 29 ಮತ್ತು 30. ಹಳೇ ಸಾಲ ಇದ್ದರೆ ಬ್ಯಾಂಕಿನಿಂದ 35.

ಎಲ್ಲರೂ ಮರೆಯುವುದು ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ಜೀವಾವಧಿ ತೆರಿಗೆ ಶೇ 18. ಹಳೇ ಗಾಡಿಗೆ ವಯಸ್ಸು ನೋಡಿ ಇಳಿಸುತ್ತಾರೆ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದ ಅಲ್ಲ, ಅದು ಹೊಸದಿದ್ದಾಗಿನ ಬೆಲೆಯಿಂದ! ಮುಂಗಡ ಕೊಡುವ ಮೊದಲೇ ವಿಜಯಪುರ ಆರ್‌ಟಿಒದಲ್ಲಿ ಎಷ್ಟಾಗುತ್ತದೆ ಕೇಳಿಕೊಂಡು ಬನ್ನಿ. ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದದ್ದು ವಾಪಸ್ ಪಡೆಯಲು ಅರ್ಜಿ ಹಾಕಬಹುದು, ಆದರೆ ಅದನ್ನು ನಂಬಿ ಬಜೆಟ್ ಮಾಡಬೇಡಿ.

ಅಗ್ಗಕ್ಕೆ ಸಿಗುತ್ತದೆ ಎಂದು ದಿಲ್ಲಿ ಗಾಡಿಗೂ ಕೈ ಹಾಕಬೇಡಿ. 2015ರಲ್ಲಿ ಹಸಿರು ನ್ಯಾಯಮಂಡಳಿ ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ಬೇಡ ಎಂದಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಬೆಲೆ ಬಿದ್ದದ್ದು ಅದಕ್ಕೆ. ತೆರಿಗೆ ಮಾತ್ರ ಇಲ್ಲಿ ಬೀಳುವುದಿಲ್ಲ.

ತಿಕೋಟಾ ದ್ರಾಕ್ಷಿ

ಇಬ್ಬರಿಗೂ ಉಪಕಾರವಾಯಿತು. ತೆರಿಗೆ ಲೆಕ್ಕ ತಲೆಯಲ್ಲೇ ಇರಲಿಲ್ಲ. ನಾಳೆ ಆರ್‌ಟಿಒಗೆ ಹೋಗುತ್ತೇನೆ.

ಮಾಲೀಕರು ಸರ್ವಿಸ್ ದಾಖಲೆ ಕಳಿಸಿದ್ದಾರೆ. 98,000 ತನಕ ಎಲ್ಲ ಕಂಪನಿಯಲ್ಲೇ ಆಗಿದೆ, ಚೊಕ್ಕ ಇದೆ. ಆಮೇಲೆ ಒಮ್ಮೆಲೇ 1,31,000ಕ್ಕೆ ಬಿಲ್ ಇದೆ, ಅದೂ ಬ್ರೇಕ್ ಪ್ಯಾಡಿಗೆ. ನಡುವೆ "ಹೊರಗೆ ಮಾಡಿಸಿದ್ದೆ, ಬಿಲ್ ಇಟ್ಟಿಲ್ಲ" ಎನ್ನುತ್ತಾರೆ. ಮನುಷ್ಯ ಒಳ್ಳೆಯವರ ಹಾಗೆ ಕಾಣುತ್ತಾರೆ. 10.5ಕ್ಕೆ ಇಳಿದಿದ್ದಾರೆ ಕೂಡ. ಏನು ಮಾಡಲಿ?

ಉದ್ಯಮಬಾಗ್ ಸ್ಪ್ಯಾನರ್

ಮನುಷ್ಯ ಒಳ್ಳೆಯವರೇ ಇರಬಹುದು, ನೀವು ತರುವುದು ಅವರನ್ನಲ್ಲ. 33 ಸಾವಿರ ಕಿ.ಮೀ. ಯಾವ ಆಯಿಲ್ ಮೇಲೆ ಓಡಿತು? ಹೊರಗೆ ಮಾಡಿಸಿದ್ದರೆ ಆ ಗ್ಯಾರೇಜಿನ ನಂಬರ್ ಕೊಡಲಿ, ಅಥವಾ ಯುಪಿಐ ಕೊಟ್ಟ ಗುರುತಾದರೂ ತೋರಿಸಲಿ. ಗೇರ್‌ಬಾಕ್ಸ್ ಆಯಿಲ್ ಬದಲಾಗಬೇಕಿದ್ದ ಹೊತ್ತೂ ಇದೇ ಖಾಲಿ ಜಾಗದಲ್ಲೇ ಬಿದ್ದಿದೆ, ನೋಡಿದಿರಾ? ಏನೂ ಸಿಗದಿದ್ದರೆ 10.5 ಅಲ್ಲ, 8ಕ್ಕೂ ನಾನು ಬೇಡ ಎನ್ನುತ್ತೇನೆ. ಪುಣೆಯಲ್ಲಿ ಈ ಗಾಡಿ ಇದೊಂದೇ ಇಲ್ಲ. ಮುಂದಿನದನ್ನು ನೋಡಲು ಹೋಗುವಾಗ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡುವ ವಿಡಿಯೊ ತೆಗೆದು ಇಲ್ಲಿ ಹಾಕಿ, ಸದ್ದು ಕೇಳಿ ಹೇಳುತ್ತೇನೆ.