ಜಾಗಕ್ಕೆ ಹೊಂದದ ವಸ್ತುವಿಗೆ ಇಂಗ್ಲಿಷಿನಲ್ಲಿ ಯಾವ ಪದ? ‘ಆಡ್’ ಸಾಕಾ, ‘ಇನ್‌ಕಾಂಗ್ರುಅಸ್’ ಬೇಕಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದಕ್ಕಾಗಿ ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ನಾನು ಫೋಟೋ ತೆಗೆಯುತ್ತೇನೆ. 12 ಫೋಟೋ ಆರಿಸಿ ಒಂದೊಂದರ ಕೆಳಗೂ ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯುತ್ತಿದ್ದೇನೆ. ಕನ್ನಡ ಬಾರದ ಗೆಳೆಯರೂ ನೋಡುತ್ತಾರೆ, ಅದಕ್ಕೆ. ಅದರಲ್ಲಿ ಒಂದು, ಕಚೇರಿಯೊಂದರ ಹಳೆ ಕಡತಗಳ ಕೋಣೆಯ ಫೋಟೋ. ಕಬ್ಬಿಣದ ರ್‍ಯಾಕುಗಳು, ದಾರ ಸುತ್ತಿದ ಫೈಲುಗಳು, ಎಲ್ಲದರ ಮೇಲೂ ಧೂಳು. ಮೂರನೇ ರ್‍ಯಾಕಿನಲ್ಲಿ, ಎರಡು ಕಟ್ಟುಗಳ ಸಂದಿಯಲ್ಲಿ, ಪುಟ್ಟ ಮಗುವಿನ ಒಂದು ಕೆಂಪು ಶೂ. ಒಂದೇ. ಪಟ್ಟಿ ಬಿಚ್ಚಿಕೊಂಡಿದೆ. ಅದರ ಮೇಲೆ ಮಾತ್ರ ಧೂಳಿಲ್ಲ.

ಮೊದಲು ‘ಸ್ಟ್ರೇಂಜ್ ರೆಡ್ ಶೂ’ ಎಂದು ಬರೆದೆ. ಓದಿದರೆ ಶೂನಲ್ಲೇ ಏನೋ ವಿಚಿತ್ರ ಇದೆ ಅನ್ನಿಸುತ್ತದೆ. ಆದರೆ ಅದು ಮಾಮೂಲಿ ಶೂ. ಆಮೇಲೆ ‘ಆಡ್’ ಹಾಕಿದೆ. ಮಾತಿನಲ್ಲಿ ‘ಯಾಕೋ ಒಂಥರಾ ಆಡ್ ಆಗಿ ಕಾಣುತ್ತೆ’ ಅಂತೀವಲ್ಲ, ಅದೇ ಧೈರ್ಯದಲ್ಲಿ. ಇಂಗ್ಲಿಷ್ ಚೆನ್ನಾಗಿ ಬಲ್ಲ ಗೆಳತಿ ಓದಿ, “ಇನ್ನೊಂದು ಕಾಲಿನ ಶೂ ಕಳೆದುಹೋಗಿದೆ ಅಂತ ಹೇಳ್ತಿದ್ದೀಯಾ?” ಎಂದಳು. ನಾನು ಹೇಳಲು ಹೊರಟಿದ್ದು ಅದಲ್ಲವೇ ಅಲ್ಲ!

ಅವಳೇ ‘ಇನ್‌ಕಾಂಗ್ರುಅಸ್’ ಹಾಕು ಎಂದಳು. ನಿಘಂಟು ತೆಗೆದರೆ ‘ಅಸಂಗತ’ ಎಂದಿದೆ. ಅಸಂಗತ ಅಂದ ತಕ್ಷಣ ನನಗೆ ನೆನಪಾಗುವುದು ಅಸಂಗತ ನಾಟಕ. ಅಲ್ಲಿ ಅದು ‘ಅಬ್ಸರ್ಡ್’ಗೆ ಹಾಕಿದ ಪದ. ನನ್ನ ಫೋಟೋದಲ್ಲಿ ಅಂಥ ಅರ್ಥಹೀನತೆ ಏನೂ ಇಲ್ಲ. ಯಾವುದೋ ಮಗು ಅಪ್ಪನ ಜೊತೆಗೋ ಅಮ್ಮನ ಜೊತೆಗೋ ಬಂದಿರಬೇಕು, ಅಷ್ಟೇ. ಹಾಗಾದರೆ ಈ ಪದ ಸರಿಯಾ?

ಉತ್ತರ 1

‘ಔಟ್ ಆಫ್ ಪ್ಲೇಸ್’ ಅಂದರೆ ಸಾಕು. ಎಲ್ಲರಿಗೂ ಅರ್ಥವಾಗುತ್ತದೆ. ಒಂದೇ ಎಚ್ಚರ: ಅದನ್ನು ವಾಕ್ಯದ ಕೊನೆಯ ಕಡೆ ಇಡಿ, ‘ದ ಶೂ ಲುಕ್ಸ್ ಔಟ್ ಆಫ್ ಪ್ಲೇಸ್’ ಅನ್ನೋ ಹಾಗೆ. ನಾಮಪದದ ಮುಂದೆ ತಂದರೆ ಮೂರು ಪದಕ್ಕೂ ನಡುವೆ ಅಡ್ಡಗೆರೆ ಹಾಕಬೇಕು, ಓದಲು ಎಡವುತ್ತದೆ.

ಉತ್ತರ 2

ನಿಮ್ಮ ಗೆಳತಿ ಹೇಳಿದ್ದು ಎರಡೂ ಸರಿ. ನಾನು 18 ವರ್ಷದಿಂದ ಅನುವಾದ ಮಾಡುತ್ತಿದ್ದೇನೆ. ಈ ಪದ ನನಗೆ ತುಂಬ ಇಷ್ಟದ್ದು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ‘ಆಡ್’. ಅದು ಹಳೆಯ ನಾರ್ಸ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಅಲ್ಲಿ ಅದರ ಮೂಲಪದಕ್ಕೆ ಮೊನೆ, ತ್ರಿಕೋನದ ತುದಿ ಎಂಬ ಅರ್ಥ. ಎರಡು ಮೂಲೆ ಜೊತೆಯಾದರೆ ಮೂರನೆಯದು ಒಂಟಿ, ಅಲ್ವಾ? ಬೆಸ ಸಂಖ್ಯೆಗೆ ‘ಆಡ್ ನಂಬರ್’ ಅನ್ನುವುದು ಈ ದಾರಿಯಲ್ಲೇ. ‘ವಿಚಿತ್ರ’ ಅನ್ನುವ ಅರ್ಥ ಆಮೇಲೆ ಸೇರಿಕೊಂಡಿತು. ಅದಕ್ಕೇ ಶೂ, ಸಾಕ್ಸ್, ಗ್ಲೌಸಿನಂಥ ಜೋಡಿ ವಸ್ತುಗಳಿಗೆ ‘ಆಡ್’ ಅಂದರೆ ಓದುವವರಿಗೆ ಮೊದಲು ಹೊಳೆಯುವುದು ‘ಜೊತೆ ತಪ್ಪಿದ್ದು’ ಎಂದೇ. ನಿಮ್ಮ ಗೆಳತಿಗೆ ಆದದ್ದೂ ಇದೇ.

ಈಗ ‘ಇನ್‌ಕಾಂಗ್ರುಅಸ್’. ಲ್ಯಾಟಿನ್ನಿನಲ್ಲಿ ಇದರ ಬೇರಿಗೆ ಕೂಡಿ ಬರುವುದು, ಒಪ್ಪುವುದು ಎಂದರ್ಥ. ಪದದ ಆರಂಭದ ‘ಇನ್’ ಅದನ್ನು ಅಲ್ಲಗಳೆಯುತ್ತದೆ. ಇದೇ ಬೇರಿನ ಇನ್ನೊಂದು ಪದ ನಿಮಗೆ ಶಾಲೆಯಿಂದಲೇ ಗೊತ್ತು: ‘ಕಾಂಗ್ರುಯೆಂಟ್’. ಕನ್ನಡ ಗಣಿತ ಪುಸ್ತಕದ ‘ಸರ್ವಸಮ ತ್ರಿಭುಜ’ ನೆನಪಿದೆಯಾ? ಕಾಗದದಲ್ಲಿ ಕತ್ತರಿಸಿ ಒಂದರ ಮೇಲೊಂದು ಇಟ್ಟರೆ ಅಂಚಿಗೆ ಅಂಚು ಕೂಡುತ್ತದೆ. ಒಂದೇ ತ್ರಿಭುಜ ತೋರಿಸಿ ‘ಇದು ಸರ್ವಸಮವಾ?’ ಎಂದು ಕೇಳಿದರೆ ಏನು ಹೇಳುತ್ತೀರಿ? ಇನ್ನೊಂದು ಎಲ್ಲಿ ಅನ್ನುತ್ತೀರಿ. ಈ ಪದದ ಜೀವ ಇರುವುದೂ ಅಲ್ಲೇ. ಶೂ ತನ್ನಷ್ಟಕ್ಕೆ ಸರಿಯಾಗಿದೆ. ಫೈಲುಗಳೂ ಸರಿಯಾಗಿವೆ. ಎರಡನ್ನೂ ಒಟ್ಟಿಗೆ ಇಟ್ಟಾಗ ಅಂಚು ಕೂಡುತ್ತಿಲ್ಲ. ‘ಸ್ಟ್ರೇಂಜ್’ ಅಂದಾಗ ತಪ್ಪು ಶೂವಿನ ತಲೆಗೆ ಬರುತ್ತದೆ. ‘ಇನ್‌ಕಾಂಗ್ರುಅಸ್’ ಅಂದಾಗ ಯಾರ ತಲೆಗೂ ಬರುವುದಿಲ್ಲ.

ಕನ್ನಡದವರಾದ ನಮಗೆ ಇದನ್ನು ಪರೀಕ್ಷಿಸುವುದು ಸುಲಭ. ‘ಈ ಶೂ ಹೊಂದುವುದಿಲ್ಲ’ ಎಂದು ಹೇಳಿ ಸುಮ್ನೆ ನಿಲ್ಲಿಸಿ. ಕೇಳಿದವರು ತಕ್ಷಣ ‘ಯಾವುದಕ್ಕೆ?’ ಅನ್ನುತ್ತಾರೆ. ಒಪ್ಪು, ಒಗ್ಗು, ಹೊಂದು, ಯಾವುದನ್ನೇ ತೆಗೆದುಕೊಳ್ಳಿ, ನಮ್ಮ ಭಾಷೆ ಆ ‘ಕ್ಕೆ’ಯನ್ನು ಕೇಳಿ ಪಡೆಯುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಬಿಟ್ಟು ‘ಆ್ಯನ್ ಇನ್‌ಕಾಂಗ್ರುಅಸ್ ಶೂ’ ಎಂದು ಬರೆದರೂ ವ್ಯಾಕರಣ ಕೆಡುವುದಿಲ್ಲ. ಆದರೆ ಚಿತ್ರ ಅರ್ಧ ಮಾತ್ರ ಕಾಣುತ್ತದೆ. ಆದ್ದರಿಂದ ಬರೆಯುವ ಮೊದಲು ‘ಯಾವುದಕ್ಕೆ?’ ಎಂದು ನೀವೇ ಕೇಳಿಕೊಳ್ಳಿ. ಉತ್ತರ ಅದೇ ಸಾಲಿನಲ್ಲಿ ಇರಲಿ. ಹೋಲಿಸುವಾಗ ಸಾಮಾನ್ಯವಾಗಿ ‘ವಿತ್’ ಬರುತ್ತದೆ, ಜಾಗ ಹೇಳುವಾಗ ‘ಅಮಂಗ್’, ‘ಇನ್’ ಬರಬಹುದು.

ಅಸಂಗತ ಎಂಬ ಅರ್ಥ ಕೊಟ್ಟ ನಿಘಂಟನ್ನು ಬೈಯಬೇಡಿ. ಸಂಗತ ಅಂದರೆ ಜೊತೆ ಸೇರಿದ್ದು. ಬೇರು ನೋಡಿದರೆ ಲ್ಯಾಟಿನ್ ಪದಕ್ಕೆ ಇದಕ್ಕಿಂತ ಹತ್ತಿರದ್ದು ಸಿಗುವುದು ಕಷ್ಟ. ನಾಟಕದವರು ಅದನ್ನು ‘ಅಬ್ಸರ್ಡ್’ಗೆ ಬಳಸಿದ್ದರಿಂದ ನಮ್ಮ ಕಿವಿಗೆ ಬಣ್ಣ ಬದಲಾಗಿದೆ. ನಮ್ಮ ಅಲಂಕಾರಶಾಸ್ತ್ರದಲ್ಲಂತೂ ಇದಕ್ಕೆ ಒಂದು ಹೆಸರೇ ಇದೆ, ವಿಷಮಾಲಂಕಾರ. ಒಂದಕ್ಕೊಂದು ಹೊಂದದ ಎರಡನ್ನು ಒಟ್ಟಿಗೆ ತಂದು ನಿಲ್ಲಿಸುವುದು. ಹೊಂದುವ ಎರಡನ್ನು ತಂದರೆ ಅದು ಸಮಾಲಂಕಾರ. ನಿಮ್ಮ ಫೋಟೋ ಮಾಡಿರುವುದು ಮೊದಲನೆಯದನ್ನು. ಆದರೆ ಈಗ ವಿಷಮ ಅಂದರೆ ಜನರಿಗೆ ‘ಪರಿಸ್ಥಿತಿ ವಿಷಮಿಸಿದೆ’ ನೆನಪಾಗುವುದೇ ಜಾಸ್ತಿ. ಕನ್ನಡದಲ್ಲಿ ನಾನಾದರೆ ‘ಆ ಜಾಗಕ್ಕೆ ಹೊಂದದ’ ಎಂದೇ ಬರೆಯುತ್ತೇನೆ.

‘ಇನ್‌ಕಾಂಗ್ರುಅಸ್’ ಎಂದು ಉಚ್ಚರಿಸುವಾಗ ಒತ್ತು ‘ಕಾಂಗ್’ ಮೇಲೆ ಬರಲಿ. ನಾಮಪದ ‘ಇನ್‌ಕಾಂಗ್ರುಯಿಟಿ’ ಆದಾಗ ಒತ್ತು ‘ಗ್ರು’ಗೆ ಜಾರುತ್ತದೆ. ‘ಇನಪ್ರೋಪ್ರಿಯೆಟ್’ ಜೊತೆ ಬೆರೆಸಬೇಡಿ, ಅದು ‘ಇಲ್ಲಿ ಇದು ಸಲ್ಲದು’ ಎಂದು ತೀರ್ಪು ಕೊಡುವ ಪದ. ಕಾಲಕ್ಕೆ ಹೊಂದದ್ದಕ್ಕೆ ‘ಅನಾಕ್ರನಿಸ್ಟಿಕ್’ ಇದೆ. ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಲ್ಲಿ ಗಡಿಯಾರ ಮೂರು ಹೊಡೆಯುತ್ತದಲ್ಲ, ಸೀಸರನ ರೋಮಿನಲ್ಲಿ ಗಂಟೆ ಹೊಡೆಯುವ ಯಂತ್ರವೇ ಇರಲಿಲ್ಲ, ಅಂಥದ್ದಕ್ಕೆ.

ಪ್ರಶ್ನೆ ಕೇಳಿದವರು

ಮೇಡಂ, ತುಂಬ ತುಂಬ ಥ್ಯಾಂಕ್ಸ್. ‘ಯಾವುದಕ್ಕೆ?’ ಅನ್ನುವುದನ್ನು ಕಾಗದದ ಮೇಲೆ ಬರೆದು ಮೇಜಿನ ಮುಂದೆ ಅಂಟಿಸಿದ್ದೇನೆ. ಸಾಲು ಹೀಗಾಗಿದೆ: ‘ಎ ಚೈಲ್ಡ್ಸ್ ರೆಡ್ ಶೂ, ಇನ್‌ಕಾಂಗ್ರುಅಸ್ ಅಮಂಗ್ ದ ಫೈಲ್ಸ್’.

ಇದೇ ಹುರುಪಿನಲ್ಲಿ ಎಂಟನೇ ಫೋಟೋಗೂ ಈ ಪದ ಹಾಕಿದೆ. ಭಾರ ಎತ್ತುವ ವ್ಯಾಯಾಮದ ಕೋಣೆ, ಸುತ್ತ ಹುಡುಗರು, ನಡುವೆ ದಪ್ಪ ಕನ್ನಡಕದ, ಬಿಳಿ ಕೂದಲಿನ ಅಜ್ಜಿ, ಕೈಯಲ್ಲಿ ಡಂಬೆಲ್. ‘ಇನ್‌ಕಾಂಗ್ರುಅಸ್ ಅಮಂಗ್ ದ ಯಂಗ್ ಮೆನ್’. ಸರಿ ಇದೆಯಲ್ವಾ?

ಉತ್ತರ 3

ದಯವಿಟ್ಟು ಅದನ್ನು ತೆಗೆಯಿರಿ. ವ್ಯಾಕರಣಕ್ಕೆ ಸರಿ, ಆದರೂ ತೆಗೆಯಿರಿ.

ನನ್ನ ಅಮ್ಮ 63ನೇ ವಯಸ್ಸಿನಲ್ಲಿ ಈಜು ಕಲಿಯಲು ಸೇರಿದರು. ಕೊಳದ ಅಂಚಿನಲ್ಲಿ ಮಕ್ಕಳ ಸಾಲಿನ ಕೊನೆಗೆ ನಿಂತಿದ್ದರು. ಅಲ್ಲಿ ಯಾರೋ ‘ಔಟ್ ಆಫ್ ಪ್ಲೇಸ್’ ಎಂದು ಮೆಲ್ಲಗೆ ಅಂದದ್ದು ಅಮ್ಮನಿಗೆ ಕೇಳಿಸಿತು. ಅರ್ಥವೂ ಆಯಿತು. ಮುಂದಿನ ಎರಡು ವಾರ ಹೋಗಲಿಲ್ಲ.

ಶೂ ತಾನಾಗಿ ರ್‍ಯಾಕಿಗೆ ಹತ್ತಲಿಲ್ಲ. ಆದರೆ ಆ ಅಜ್ಜಿ ತಾನೇ ನಡೆದು ಬಂದಿದ್ದಾರೆ. ಆ ಕೋಣೆ ಅವರದ್ದೂ ಹೌದು. ಅವರು ಅಲ್ಲಿಗೆ ಹೊಂದುವುದಿಲ್ಲ ಅನ್ನಿಸಿದ್ದು ನೋಡಿದವರ ಕಣ್ಣಿಗೆ. ಮನುಷ್ಯರಿಗೆ ಈ ಪದ ಹಾಕುವ ಮುಂಚೆ ‘ಯಾವುದಕ್ಕೆ?’ ಜೊತೆಗೆ ‘ಯಾರಿಗೆ ಹಾಗನ್ನಿಸಿತು?’ ಎಂದೂ ಕೇಳಿಕೊಳ್ಳಿ. ಅಂಟಿಸಿದ ಕಾಗದದಲ್ಲಿ ಜಾಗ ಇದ್ದರೆ ಅದನ್ನೂ ಬರೆಯಿರಿ.

ಉತ್ತರ 2 ಬರೆದವರು

ಇದನ್ನು ನಾನೇ ಹೇಳಬೇಕಿತ್ತು. ಒಪ್ಪಿದೆ. ಆಕೆಯ ಉಡುಪಿಗೋ ಕೈಯಲ್ಲಿನ ವಸ್ತುವಿಗೋ ಆ ಪದ ಹಾಕಬಹುದು, ಆಕೆಗೆ ಬೇಡ.

ಪ್ರಶ್ನೆ ಕೇಳಿದವರು

ಫೋಟೋ ಮತ್ತೆ ದೊಡ್ಡದು ಮಾಡಿ ನೋಡಿದೆ. ಅಜ್ಜಿ ಯಾರ ಕಡೆಗೂ ನೋಡುತ್ತಿಲ್ಲ. ಕಣ್ಣು ತಮ್ಮ ಬಲ ಮೊಣಕೈ ಮೇಲಿದೆ, ಅದು ನೇರ ಇದೆಯಾ ಎಂದು. ಪಕ್ಕದ ಹುಡುಗನೂ ತನ್ನ ಮೊಣಕೈಯನ್ನೇ ನೋಡಿಕೊಳ್ಳುತ್ತಿದ್ದಾನೆ. ಇಷ್ಟು ದಿನ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಆ ಸಾಲು ಅಳಿಸಿದ್ದೇನೆ. ಈಗ ಅಲ್ಲಿರುವುದು ಎರಡೇ ಪದ: ‘ಟೂ ಎಲ್ಬೋಸ್’.